ಸೀತಮ್ಮನ ತವರಿಗೆ ರೈಲ್ವೆ ಪಾಸು

ದೇವರ ದಯೆಯಿಂದ ನನಗೆ ಬಹಳ ವರ್ಷ ರೈಲ್ವೆಯ ಅನ್ನ ಸಿಕ್ಕಿತು. ಅನ್ನದ ಜೊತೆಗೆ ಪಾಸೂ ಸಿಕ್ಕಿತು. ಆ ಪಾಸು ಕಿಸೆಯಲ್ಲಿ ಇಟ್ಟುಕೊಂಡು ಹೊರಟಾಗಲೆಲ್ಲ ದಾರಿಯಲ್ಲಿ ಒಂದು ಸಲವಾದರೂ ನನ್ನ ಎದೆ ಧಸಕ್ಕೆಂದಿದೆ. ಎಲ್ಲವನ್ನೂ ಹೇಳುತ್ತ ಕೂತರೆ ಮುಗಿಯುವುದಿಲ್ಲ. ಒಂದೇ ಯಾತ್ರೆಯಲ್ಲಿ ಎದೆ ಹಾರಿದ ಪ್ರಸಂಗಗಳನ್ನಷ್ಟೇ ಬರೆಯುತ್ತೇನೆ.

೧. ಹರಕೆ

ಕೊಟ್ಟೂರಿಂದ ಹೊಸಪೇಟೆಗೆ ಹೋಗುವ ದಾರಿಯ ಒಂದು ಸಣ್ಣ ಸ್ಟೇಷನ್ನಿನಲ್ಲಿ ಗಾಡಿಗೆ ಬಾವುಟ ತೋರಿಸುವುದು ನನ್ನ ಕೆಲಸ. ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಹಿರೇಮಗಳ ಹೆರಿಗೆ ಕಷ್ಟವಾಗಿ ಎಲ್ಲರೂ ಕೈ ಚೆಲ್ಲಿ ಕೂತಿದ್ದಾಗ ನನ್ನ ಹೆಂಡತಿ ಹರಕೆ ಹೊತ್ತಳು: "ತಾಯಿ, ಕೂಸು ಎರಡೂ ಉಳದರ ಸೀತಮ್ಮನ ತವರುಮನಿಗೆ ಹೋಗಿ ಆಕಿ ಉಡಿ ತುಂಬ್ತೀನಿ."

ಪುರಾಣ ಹೇಳುವ ಸ್ವಾಮಿಗಳೊಬ್ಬರು ಆ ಊರು ಜನಕಪುರ, ಈಗಲೂ ಐತಿ, ಅಲ್ಲೀತನಕ ರೈಲೂ ಹೋಗತೈತಿ ಎಂದು ಕೂಡ್ಲಿಗಿಯಲ್ಲಿ ಹೇಳಿದ್ದನ್ನು ಆಕೆ ನೆನಪಿಟ್ಟುಕೊಂಡಿದ್ದಳು.

ಎರಡೂ ಜೀವ ಉಳಿದವು. ಮನೆಗೆ ಬಂದ ಮೇಲೆ ನಿಧಾನವಾಗಿ ಕೇಳಿದೆ.

"ಅಲ್ಲಲೇ, ಊರಮ್ಮನ ಗುಡಿ ಮನಿ ಎದುರಿಗೇ ಐತಿ. ಅಷ್ಟು ದೂರದ ದೇವರು ಯಾಕ ಬೇಕಾಗಿತ್ತು?"

"ನಿಮಗ ಪಾಸು ಐತೆಲ್ಲರಿ, ಅದಕ್ಕ ಹೊತ್ತೆ."

೨. ಜಯನಗರ

ಪಾಸು ಬರೆಸಲು ಹೋದೆ. ಗುಮಾಸ್ತರು ದಪ್ಪ ಪುಸ್ತಕ ತಿರುವಿ ನೋಡಿ, "ಜನಕಪುರ ಅನ್ನೋ ಸ್ಟೇಷನ್ ನಮ್ಮದ್ರಾಗ ಇಲ್ಲಪ. ಬಿಹಾರದ ಜಯನಗರದ ಮಟ ಬರೀತೀನಿ. ಅಲ್ಲಿಂದ ಸಣ್ಣ ಗಾಡಿ ಐತಂತ, ಕೇಳಿಕೊಂಡು ಹೋಗು" ಎಂದರು. 'ನಮ್ಮದ್ರಾಗ ಇಲ್ಲ' ಎನ್ನುವ ಮಾತನ್ನು ನಾನು ಅಷ್ಟಾಗಿ ತಲೆಗೆ ಹಚ್ಚಿಕೊಳ್ಳಲಿಲ್ಲ.

ಓಣಿಯಲ್ಲಿ ಜಯನಗರ ಎಂಬ ಹೆಸರೊಂದೇ ಹಬ್ಬಿತು. ಪಕ್ಕದ ಮನೆಯ ಅಜ್ಜಿ ಗುರೆಳ್ಳು ಚಟ್ನಿಪುಡಿಯ ಡಬ್ಬಿ ಹಿಡಿದುಕೊಂಡು ಬಂದಳು.

"ಯಪ್ಪಾ, ಜಯನಗರಕ್ಕ ಹೊಂಟೀಯಂತ. ನನ್ನ ಅಳಿಯಾನೂ ಅಲ್ಲೇ ಅದಾನ, ನಾಕನೇ ಬ್ಲಾಕಿನಾಗ. ಇದನ್ನೊಂದು ಮುಟ್ಟಿಸು."

"ಯಮ್ಮಾ, ಇದು ಬೆಂಗಳೂರಿನ ಜಯನಗರ ಅಲ್ಲ. ಸೀತಮ್ಮನ ತವರುಮನಿಗೆ ಹೋಗೋ ಹಾದಿ ಮ್ಯಾಲಿನ ಜಯನಗರ."

ಅಜ್ಜಿ ದಂಗಾಗಿ ಗಲ್ಲಕ್ಕೆ ಕೈ ಹಚ್ಚಿದಳು. "ಅಯ್ಯ ಶಿವನೆ! ಸೀತಮ್ಮನ ತವರಿನ ಹಾದಿ ಮ್ಯಾಲೇ ಮನಿ ಮಾಡ್ಯಾನ, ನನ್ನ ಮುಂದ ಒಂದು ಮಾತು ಹೇಳಿಲ್ಲ ನೋಡು ನನ್ನ ಅಳಿಯ!"

೩. ಹೆಸರು

ಮೂರು ಕಡೆ ಗಾಡಿ ಬದಲಿಸಿ ಬಿಹಾರ ಮುಟ್ಟಿದೆವು. ಅಲ್ಲಿ ಕರೀ ಕೋಟಿನ ಟಿಕೆಟ್ ಪರೀಕ್ಷಕರು ಬಂದರು. ಪಾಸಿನಲ್ಲಿ ನನ್ನ ಹೆಸರು, ಮುಂದೆ 'ಹೆಂಡತಿ' ಎಂದು ಬರೆದಿತ್ತು. ಅವರು ನನ್ನನ್ನು ನೋಡಿದರು, ಅವಳನ್ನು ನೋಡಿದರು. ಯಾಕೋ ಸಂಶಯ ಬಂತು. "ಗಂಡನ ಹೆಸರೇನು? ಆಕೆಯೇ ಹೇಳಲಿ" ಎಂದರು. ಕೊಟ್ಟೂರಿನ ಸೈಕಲ್ ಅಂಗಡಿ ಸಾಬರ ಹತ್ತಿರ ಕಲಿತ ಉರ್ದುವಿನಿಂದ ನನಗೆ ಅಷ್ಟು ತಿಳಿಯಿತು, ಅವಳಿಗೂ ಹೇಳಿದೆ.

ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಹೇಳಲೇ!"

"ಗಂಡನ ಹೆಸರು ಹಂಗ ಬಾಯಿಲೆ ಹೇಳ್ತಾರೇನ್ರಿ? ನಿಮ್ಮ ಆಯುಷ್ಯ ಕಡಿಮಿ ಆಕ್ಕೈತಿ."

"ಹೇಳಲಿಲ್ಲಂದ್ರ ಯಾರದೋ ಹೆಂಡ್ತಿನ್ನ ಓಡಿಸಿಕೊಂಡು ಬಂದಾನಂತ ನನ್ನ ಜೇಲಿಗೆ ಹಾಕ್ತಾರ!"

ಅಜ್ಜನಾದವನಿಗೆ ಇಂಥ ಅಪವಾದ!

"ಹಂಗಾರ ಒಡಪು ಹಾಕಿ ಹೇಳ್ತೀನಿ" ಎಂದು ಆಕೆ ಎದ್ದು ನಿಂತಳು. ನಮ್ಮ ಕಡೆ ಮದುವೆಯಲ್ಲಿ ಹೆಂಗಸರು ಗಂಡನ ಹೆಸರನ್ನು ಪದ್ಯದಲ್ಲಿ ಸೇರಿಸಿ ಹೇಳುವಂತೆ, ಓಡುವ ಗಾಡಿಯಲ್ಲಿ ರಾಗವಾಗಿ ಶುರು ಮಾಡಿದಳು:

"ಕಲ್ಲಿದ್ಲು ತಿಂದು ಓಡತೈತಿ ರೈಲು,
ಅದರ ಹಿಂದ ಬರತೈತಿ ಮದ್ರಾಸ ಮೈಲು,
ಎರಡನ್ನೂ ಒಂದ ಕೈಲೆ ನಿಲ್ಲಿಸೋರು ನಮ್ಮ…"

ಎಂದು ನನ್ನ ಹೆಸರು ಹೇಳಿ ನಾಚಿ ಕೂತಳು. ಎದುರಿನ ಸೀಟಿನ ಮುಸುಕಿನ ಹೆಂಗಸರಿಗೆ ಭಾಷೆ ತಿಳಿಯದಿದ್ದರೂ ವಿಷಯ ತಿಳಿಯಿತು, ಚಪ್ಪಾಳೆ ತಟ್ಟಿದರು. ಪರೀಕ್ಷಕರು ಪಾಸನ್ನು ಎರಡೂ ಕೈಯಿಂದ ನನಗೆ ಒಪ್ಪಿಸಿದರು. ಆ ರೈಲು ಡಬ್ಬಿ ದಾಟುವ ತನಕ ಮತ್ತೆ ಯಾವ ಹೆಂಗಸಿಗೂ ಅವರು ಗಂಡನ ಹೆಸರು ಕೇಳಲಿಲ್ಲ.

೪. ಬೀಗರು

ಜಯನಗರದಲ್ಲಿ ಇಳಿದು ಸಣ್ಣ ಗಾಡಿ ಹತ್ತಿದೆವು. ಆಟಿಕೆಯಂಥ ಗಾಡಿ, ಒಳಗೆ ಎಷ್ಟು ಜನವೋ ಮೇಲೆಯೂ ಅಷ್ಟೇ ಜನ. ಹಳಿ ಇದ್ದಲ್ಲೆಲ್ಲ ನಮ್ಮ ಪಾಸು ನಡೆಯುತ್ತದೆ ಎಂಬುದು ನನ್ನ ನಂಬಿಕೆ. ಹೆಂಡತಿ ಉಡಿಯ ಗಂಟನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಅಕ್ಕಿ, ಕೊಬ್ಬರಿ ಬಟ್ಟಲು, ಅರಿಷಿಣ ಕೊಂಬು, ರವಿಕೆಗೆ ಕುಬಸದ ಕಣ.

ಗಾಡಿ ಹೊರಟು ಸ್ವಲ್ಪ ಹೊತ್ತಿಗೆ ಕಂಡಕ್ಟರ್ ಬಂದ. ನನ್ನ ಪಾಸನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಇದು ನಿಮ್ಮ ದೇಶದ್ದು" ಎಂದು ಹಿಂದಿಯಲ್ಲಿ ಹೇಳಿದ.

"ಹೌದು. ಇಡೀ ದೇಶಕ್ಕ ನಡೀತೈತಿ."

"ನಡೆಯಲಿ. ಆದರೆ ಆ ದೇಶ ಹಿಂದೆ ಉಳಿಯಿತು. ಇದು ನೇಪಾಳ."

ಮೈಮೇಲೆ ಸಿಡಿಲು ಬಿದ್ದಂತಾಯಿತು. ಹೆಂಡತಿಯ ಕಿವಿಯಲ್ಲಿ ಹೇಳಿದೆ. "ಏ, ಇಳಿಯಲೇ! ಸಾಹೇಬರಿಗೆ ಒಂದು ಮಾತು ಹೇಳಲಾರದ ಪರದೇಶಕ್ಕ ಬಂದೀವಿ. ನನ್ನ ನೌಕರಿ ಹೋತು!"

ಆಕೆಯ ಕಣ್ಣು ನನ್ನವಕ್ಕಿಂತ ದೊಡ್ಡವಾದವು. "ಸೀತಮ್ಮನ ತವರುಮನಿ ಪರದೇಶದಾಗ ಐತೇನು?"

"ಹೂಂ. ಮುಂದಿನ ಸ್ಟೇಷನ್ನಿನಾಗ ಇಳದು, ಅಲ್ಲಿಂದಾನ ಕೈ ಮುಗದು ತಿರುಗೋಣು."

"ಹೊತ್ತ ಹರಕಿ ಅರ್ಧ ಹಾದಿಗೆ ಇಳಸಾಕ ಅದೇನು ಹುಲ್ಲಿನ ಹೊರಿಯೇನ್ರಿ? ಮಗಳ ಜೀವ ಬೇಡಿಕೊಂಡಾಗ ನಾ ಅರ್ಧ ಬೇಡಿದ್ದಿಲ್ಲ. ನೀವು ಇಳೀರಿ. ನಾ ಒಬ್ಬಾಕಿನ ಹೋಗ್ತೀನಿ" ಎಂದು ಗಂಟನ್ನು ಎದೆಗೆ ಅವಚಿಕೊಂಡಳು.

ಕಂಡಕ್ಟರ್ ಗಂಟಿನ ಕಡೆ ಬೆರಳು ತೋರಿಸಿ ಏನೆಂದು ಕೇಳಿದ. ನನ್ನ ಸೈಕಲ್ ಅಂಗಡಿ ಉರ್ದುವಿನಲ್ಲಿ ಎಲ್ಲ ಹೇಳಿದೆ. ಮಗಳು, ಹೆರಿಗೆ, ಹರಕೆ, ಸೀತಮ್ಮನ ಉಡಿ, ಹೋಗುವ ನೌಕರಿ. ಅವನು ನಕ್ಕ. ಈ ಗಾಡಿಯಲ್ಲಿ ಹಾಲು ಮಾರುವವರೂ ದಿನಾ ದೇಶ ದಾಟುತ್ತಾರೆ, ಯಾರೂ ಏನೂ ಕೇಳುವುದಿಲ್ಲ ಎಂದು ಧೈರ್ಯ ಹೇಳಿದ. ನನಗೆ ಉಸಿರು ಬಂತು. ಬಂದ ಉಸಿರಿನಲ್ಲೇ ಸ್ವಲ್ಪ ಆಸೆಯೂ ಬಂತು.

"ಅಣ್ಣಾ, ನಾವು ಶ್ರೀರಾಮಚಂದ್ರನ ದೇಶದೋರು. ಅಂದರ ನಿಮಗ ಬೀಗರಾಗಬೇಕು. ಬೀಗರ ಹತ್ತಿರ ಟಿಕೀಟು ಕೇಳ್ತಾರೇನು?"

ಅವನ ನಗು ಅಲ್ಲಿಗೇ ನಿಂತಿತು. "ಬೀಗರು ಅಂತಲೇ ಕೇಳುತ್ತೇನೆ. ನಮ್ಮ ಮನೆಮಗಳನ್ನು, ತುಂಬಿದ ಬಸುರಿಯನ್ನು, ಕಾಡಿಗೆ ಕಳಿಸಿದವರು ನೀವು. ತೆಗೀರಿ ಟಿಕೆಟು!"

ರಾಮ ರಾಮಾ! ಹುಟ್ಟಿದಾಗಿನಿಂದ ರಾಮನಾಮ ಜಪಿಸಿದವನು ನಾನು. ಆ ತಪ್ಪಿಗೆ ರೈಲಿನಲ್ಲಿ ನಾನು ಜವಾಬು ಕೊಡಬೇಕಾದೀತೆಂದು ಕನಸಿನಲ್ಲೂ ಎಣಿಸಿರಲಿಲ್ಲ.

"ಏನಂತಾನ?" ಎಂದು ಹೆಂಡತಿ ಕೇಳಿದಳು. ಹೇಳಿದೆ. ಆಕೆ ಕಂಡಕ್ಟರನನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಗಂಟು ಹಿಡಿದುಕೊಂಡೇ ಎದ್ದು ನನ್ನ ಪಕ್ಕದಿಂದ ಸರಿದು, ಜನಕಪುರದ ಹೆಂಗಸರ ನಡುವೆ ಹೋಗಿ ಕೂತಳು.

"ಖರೆ ಐತಿ ಆಂವ ಅನ್ನೋದು. ಒಂದ ಟಿಕೀಟು ತಗೀರಿ, ಸಾಕು. ಬೀಗರ ಕಡ್ಯಾಂವ ಈ ಗಾಡ್ಯಾಗ ನೀವೊಬ್ಬರ. ನಾ ಹೆಣ್ಣಿನ ಕಡ್ಯಾಕಿ."

ಅವನಿಗೆ ಕನ್ನಡದ ಒಂದಕ್ಷರ ಬರುತ್ತಿರಲಿಲ್ಲ. ಆದರೂ ಒಂದೇ ಟಿಕೆಟು ಹರಿದು ಕೊಟ್ಟ.