ಬಾಟಲಿಯ ಬಾಯಿಗೆ ಕುಸುಬಿ ಎಣ್ಣೆ

ನನಗೆ ಮೂಗಿನ ತುದಿಯಲ್ಲೇ ಸಿಟ್ಟು ಎಂದು ಮನೆಯವರೂ ಮಕ್ಕಳೂ ಸಿಂದಗಿ ಬಸ್ ಸ್ಟ್ಯಾಂಡಿನ ಕಂಡಕ್ಟರುಗಳೂ ಒಮ್ಮತದಿಂದ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಕಂಡವರ ಅಜಾಗರೂಕತೆ ನೋಡಿ ಸಿಟ್ಟು ಬರುತ್ತದೆ, ಅಷ್ಟೇ. ಅರವತ್ತರ ದಶಕದಲ್ಲಿ ಬಂದದ್ದಂತೂ ಇನ್ನೂ ಇಳಿದಿಲ್ಲ.

ಆಗ ನಾನು ಸಿಂದಗಿಯ ಸಣ್ಣ ಕಾಲೇಜೊಂದರಲ್ಲಿ ಜೀವಶಾಸ್ತ್ರ ಕಲಿಸುತ್ತಿದ್ದೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿಗಳ ಮೊಸರಿನ ಸೂಕ್ಷ್ಮಾಣುಗಳು ಒಂದೇ ಜಾತಿಯವೋ ಬೇರೆಬೇರೆಯೋ ಎಂದು ತಿಳಿಯುವ ಹುಚ್ಚು ಹತ್ತಿತ್ತು. ಸೂಕ್ಷ್ಮದರ್ಶಕದಲ್ಲಿ ಎಲ್ಲವೂ ಒಂದೇ ನಮೂನೆಯ ಕಡ್ಡಿಗಳು. ಆದರೆ ಒಂದೊಂದು ಜಾತಿಯ ಮೈಯಲ್ಲಿ ಒಂದೊಂದು ಬಗೆಯ ಕೊಬ್ಬಿರುತ್ತದಂತೆ. ಅದನ್ನು ಬಿಡಿಸಿ ತೋರಿಸುವ ಹೊಸ ಯಂತ್ರ ಪುಣೆಗೆ ಬಂದಿದೆ ಎಂದು ಅಲ್ಲಿದ್ದ ಗೆಳೆಯ ಬರೆದ. ಹೇಗೋ ಮಾಡಿ ನನಗೆ ಒಂದೇ ಒಂದು ದಿನದ ಪಾಳಿ ಕೊಡಿಸಿದ. ನನ್ನ ಹೆಸರಿನಲ್ಲಿ ಒಂದು ಲೇಖನ ಅಚ್ಚಾಗುವ ಆಸೆಗೆ ಎಂಟು ತಿಂಗಳು ಮೊಸರಿನ ಗಡಿಗೆ ಹಿಡಿದು ಬಸ್ಸಿನಲ್ಲಿ ಅಲೆದೆ. ಮುದ್ದೇಬಿಹಾಳದ ಮೊಸರು ಸಾಹುಕಾರರೊಬ್ಬರ ಧೋತರದ ಮೇಲೆ ಚೆಲ್ಲಿ, ಅರ್ಧ ದಾರಿಯಲ್ಲೇ ಇಳಿದೂ ಆಯಿತು. ಅಂತೂ ಸೂಕ್ಷ್ಮಾಣು ಬೆಳೆಸಿ, ಕೊಬ್ಬು ತೆಗೆದು, ಗಾಜಿನ ಬಿರಡೆಯಿಂದ ಬಾಯಿ ಮುಚ್ಚಿದ ನಾಲ್ಕು ಬಾಟಲಿ ಪುಣೆಗೆ ಕಳಿಸಿದೆ.

ಗೆಳೆಯನ ಉತ್ತರ ಬಂತು: "ನಾಲ್ಕರಲ್ಲೂ ಒಂದೇ ಕೊಬ್ಬು ಉಳಿದದ್ದನ್ನೆಲ್ಲ ಮುಚ್ಚಿಬಿಟ್ಟಿದೆ. ಅದು ಸೂಕ್ಷ್ಮಾಣುವಿನದಲ್ಲ, ಕುಸುಬಿ ಎಣ್ಣೆಯದು. ಇಲ್ಲಿ ಎಲ್ಲರೂ ನಗುತ್ತಿದ್ದಾರೆ. ಇನ್ನು ಯಂತ್ರ ಸಿಗಲಿಕ್ಕಿಲ್ಲ."

ಮೈಯೆಲ್ಲ ಉರಿದುಹೋಯಿತು. ಪತ್ರ ಹಿಡಿದು ಪ್ರಯೋಗಶಾಲೆಗೆ ಓಡಿದೆ. ಅಲ್ಲಿಯ ಸಹಾಯಕ ಮೌಲಾಸಾಬ ಬಾಟಲಿ ತೊಳೆಯುತ್ತಿದ್ದ.

"ಬಾಟ್ಲಿಗೆ ಎಣ್ಣಿ ಹಚ್ಚಿದಾಂವ ಯಾಂವ?" ಎಂದು ಚೀರಿದೆ.

"ನಾನ ರೀ ಸರ. ಬಿರಡಿಗೆ ಒಂದೊಂದ ಹನಿ."

"ಒಂದೊಂದ ಹನಿ! ಅದ ಕರಗಿ ಒಳಗ ಇಳದೈತಿ. ಎಂಟ ತಿಂಗಳ ದುಡಿಮಿ ನೀರಾಗ ಹಾಕಿದಿ! ಹಚ್ಚು ಅಂತ ಯಾವ ಮೂರ್ಖ ಹೇಳಿದ ನಿನಗ?"

ಮೌಲಾಸಾಬ ಕೈ ಒರೆಸಿಕೊಂಡು ಗೋಡೆಯತ್ತ ನೋಡಿದ. ನಾನೂ ನೋಡಿದೆ. ಹಿಂದಿನ ವರ್ಷ ಬಿರಡೆಗಳು ಸಿಕ್ಕಿಕೊಂಡು ಎರಡು ಬಾಟಲಿ ಒಡೆದಾಗ ಅಂಟಿಸಿದ್ದ ಚೀಟಿ ಅಲ್ಲಿತ್ತು: 'ಗಾಜಿನ ಬಿರಡೆಗೆ ತಪ್ಪದೆ ಕುಸುಬಿ ಎಣ್ಣೆ ಹಚ್ಚಿಯೇ ಮುಚ್ಚತಕ್ಕದ್ದು. ತಪ್ಪಿದವರನ್ನು ಕ್ಷಮಿಸಲಾಗುವುದಿಲ್ಲ.' ಕೆಳಗೆ ನನ್ನ ಸಹಿ, ಅದರಡಿಯಲ್ಲಿ ಎರಡು ಗೆರೆ.

"ಹೆಸರ ಹೇಳ ಅಂದ್ರ ಹೇಳ್ತೇನ್ರಿ," ಎಂದ ಮೌಲಾಸಾಬ, ಮೆಲ್ಲಗೆ.

ಬೇಡ ಎಂದೆ. ಆ ಸಿಟ್ಟು ಈಗಲೂ ಹಾಗೆಯೇ ಇದೆ. ಯಾರ ಮೇಲೆ ಇಳಿಸಬೇಕೆಂಬುದು ಗೊತ್ತಿರುವುದರಿಂದಲೇ ಇಷ್ಟು ವರ್ಷ ಮನೆಯವರ ಮೇಲೂ ಕಂಡಕ್ಟರುಗಳ ಮೇಲೂ ಇಳಿಸುತ್ತ ಬಂದಿದ್ದೇನೆ.