ಬ್ರಾಕೆಟ್ಟಿಗೆ ಕೂರದ ಫ್ಲ್ಯಾಶ್

ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ ಮದುವೆ ಫೋಟೊ ತೆಗೆಯುವವನಿಗೆ ಇಂಥವು ಆಗುತ್ತಲೇ ಇರುತ್ತವೆ. ಯಾಕೆಂದು ನಾನು ಓದಿದ ಯಾವ ಪುಸ್ತಕದಲ್ಲೂ ಇಲ್ಲ. ಈ ಸಲ ಮಳವಳ್ಳಿಯಲ್ಲಿ ಒಬ್ಬ ಗೌಡರ ಹಿರಿಮಗಳ ಮದುವೆ. ಅವಳ ಬೆನ್ನಿಗೆ ಮೂವರು ತಂಗಿಯರು. ಇದೊಂದು ಸರಿಹೋದರೆ ಉಳಿದ ಮೂರೂ ನನಗೆ. ಕೆಟ್ಟರೆ ಆ ತಾಲ್ಲೂಕಿನಲ್ಲಿ ನನ್ನನ್ನು ಯಾರೂ ಕರೆಯುವುದಿಲ್ಲ.

೧. ಮಂಡ್ಯ

ಫ್ಲ್ಯಾಶನ್ನು ಕ್ಯಾಮೆರಾದ ಪಕ್ಕದಲ್ಲಿ ಎತ್ತರಕ್ಕೆ ನಿಲ್ಲಿಸಲು ಹಿಡಿಯಿರುವ ಬ್ರಾಕೆಟ್ ಕೊಂಡೆ. ಫ್ಲ್ಯಾಶ್ ಕೂರಿಸುವ ಅಡಾಪ್ಟರನ್ನೂ ಅದೇ ಅಂಗಡಿಯಲ್ಲಿ ಕೊಂಡೆ. ಮನೆಗೆ ಬಂದು ನೋಡಿದರೆ ಬ್ರಾಕೆಟ್ಟಿನ ಬೋಲ್ಟು ದಪ್ಪ, ಅಡಾಪ್ಟರಿನ ತೂತು ಸಣ್ಣದು. ವಾಪಸ್ ಹೋಗಿ ಕೇಳಿದೆ.

"ಎರಡೂ ಸರಿಯಾಗೇ ಅವೆ ಸಾ. ಒಂದಕ್ಕೊಂದು ಒಂದ್ಕೊಳಲ್ಲ, ಅಷ್ಟೇಯ" ಅಂದ ಅಂಗಡಿಯವನು.

"ಹಾಗಾದರೆ ಜೊತೆಗೆ ಯಾಕ್ರೀ ಮಾರಿದಿರಿ?"

"ಮದ್ವೆ ಫೋಟೊ ತಗೆಯೋರು ನೀವು. ನನ್ನ ಕೇಳ್ತೀರಲ್ಲ!"

೨. ಮದ್ದೂರು

ಬೆಸಗರಹಳ್ಳಿ ರಸ್ತೆಯಲ್ಲಿ ಟ್ರ್ಯಾಕ್ಟರ್ ರಿಪೇರಿ ಮಾಡುವವನೊಬ್ಬನಿದ್ದಾನೆ. ಫ್ಲ್ಯಾಶೂ ಸೇರಿ ಎಲ್ಲವನ್ನೂ ಅವನ ಮುಂದಿಟ್ಟು, ತೂತು ಸ್ವಲ್ಪ ದೊಡ್ಡದು ಮಾಡಿ ಜೋಡಿಸಿಕೊಡು ಅಂದೆ.

"ಗಟ್ಟಿಯಾಗಿರ್ಬೇಕಾ ಸಾ?"

"ಬೀಳಬಾರದು."

ಅಷ್ಟೇ ನಾನು ಆಡಿದ ಮಾತು. ಮದುವೆಯ ದಿನ ಬೆಳಿಗ್ಗೆ ಹೋದಾಗ ಗೋಣಿತಾಟಿನಲ್ಲಿ ಸುತ್ತಿ ಕೊಟ್ಟ.

"ಒಂದು ಗೊನೆ ಎಳನೀರು ನೇತಾಕಿ ನೋಡ್ದೆ. ಒಂಚೂರೂ ಜಗ್ಗಲಿಲ್ಲ ಕಣ್ ಸಾ!"

ಫ್ಲ್ಯಾಶಿಗೆ ಎಳನೀರು ಯಾಕೆಂದು ಯೋಚಿಸುತ್ತಲೇ ಮಳವಳ್ಳಿ ಬಸ್ಸು ಹತ್ತಿದೆ.

೩. ಮಳವಳ್ಳಿ

ಕಲ್ಯಾಣ ಮಂಟಪದಲ್ಲಿ ಗೋಣಿತಾಟು ಬಿಚ್ಚಿದರೆ ಫ್ಲ್ಯಾಶ್ ನನ್ನನ್ನೇ ನೋಡುತ್ತಿತ್ತು. ತಿರುಗಿಸಿದೆ. ತಿರುಗಲಿಲ್ಲ. ಫೋನ್ ಮಾಡಿದೆ.

"ಅದರ ತಲೆ ಲೂಸಾಗಿತ್ತು ಸಾ. ಅದ್ಕೂ ಸೇರ್ಸಿ ಅಂಟಾಕಿವ್ನಿ."

"ಅದು ತಿರುಗಬೇಕು ಕಣಯ್ಯ! ಹೋಗಲಿ, ನನ್ನ ಕಡೆಗೆ ಯಾಕೆ ಮಾಡಿದೆ?"

"ನಮ್ಮ ಶೆಡ್ಡಲ್ಲಿ ಲೈಟು ಕೆಲ್ಸ ಮಾಡೋನ್ ಕಡೀಕೇ ಅಲ್ವಾ ಸಾ ಇರೋದು?"



೪. ಧಾರೆ

ಮಂಟಪ ಕತ್ತಲೆ, ಇರುವುದೊಂದೇ ಫ್ಲ್ಯಾಶ್. ಬೆಳಕು ನನ್ನ ಹಿಂದಿನ ಬಿಳಿ ಗೋಡೆಗೆ ಬಡಿದು ವಾಪಸ್ ಬಂದೀತು ಎಂದು ಭೌತಶಾಸ್ತ್ರ ಹೇಳಿತು. ನಡುವೆ ನನ್ನ ಮುಖವಿದೆ ಎಂದು ಹೇಳಲಿಲ್ಲ. ಧಾರೆ ಶುರುವಾಯಿತು. ಒಂದೊಂದು ಕ್ಲಿಕ್ಕಿಗೂ ಸಿಡಿಲು ನನಗೇ ಹೊಡೆಯಿತು. ಹತ್ತನೆಯದಕ್ಕೆ ಎರಡೂ ಕಣ್ಣಲ್ಲಿ ಧಾರಾಕಾರ ನೀರು. ಯಾರ ಕೈಮೇಲೆ ಯಾರು ಹಾಲೆರೆಯುತ್ತಿದ್ದಾರೋ ಕಾಣದೆ ಅಂದಾಜಿನ ಮೇಲೆ ಒತ್ತುತ್ತಿದ್ದೆ.

"ಅಯ್ಯೋ, ಫೋಟೊದವ್ನೂ ಅಳ್ತಾವ್ನೆ ಕಣಮ್ಮ" ಅಂದಳು ಒಬ್ಬ ಅಜ್ಜಿ, ಅಂದವಳೇ ತಾನೂ ಅತ್ತಳು. ಹೆಣ್ಣಿನ ತಾಯಿ ಅತ್ತಳು. ಆಮೇಲೆ ಹೆಣ್ಣಿನ ಕಡೆಯವರು ಸಾಲಾಗಿ ಅತ್ತರು. ಗಂಡಿನ ಕಡೆಯವರು ಗಾಬರಿಯಾಗಿ ಏನಾಯಿತೆಂದು ವಿಚಾರಿಸತೊಡಗಿದರು.

ಎಲ್ಲ ಮುಗಿದ ಮೇಲೆ ಗೌಡರು ಬಂದು ನನ್ನ ಎರಡೂ ಕೈ ಹಿಡಿದುಕೊಂಡರು. ಅಷ್ಟರಲ್ಲಿ ನಾನು ಕ್ಯಾಮೆರಾದಲ್ಲಿ ಫೋಟೊಗಳನ್ನು ನೋಡಿಕೊಂಡಿದ್ದೆ. ಒಂದು ಫೋಟೊದಲ್ಲಿ ಪುರೋಹಿತರ ಮೊಣಕೈ, ಇನ್ನೊಂದರಲ್ಲಿ ಬರೀ ತೆಂಗಿನಕಾಯಿ. ನಿಜ ಹೇಳಿಬಿಡೋಣವೆಂದು ಬಾಯಿ ತೆರೆದೆ.

"ಗೌಡರೇ, ಫೋಟೊಗಳು…"

"ಫೋಟೊ ಎಂಗಾದ್ರೂ ಬರ್ಲಿ ಬುಡಿ ಸಾ" ಅಂದರು ಮೂಗೊರೆಸಿಕೊಂಡು. "ಇನ್ನೂ ಮೂರು ಮದ್ವೆ ಅವೆ, ಎಲ್ಲಾಕೂ ನೀವೇ ಬರ್ಬೇಕು. ನಮ್ಮ ಬೀಗ್ರೇ ಇಂಗೆ ಅಳ್ನಿಲ್ಲ!"