ಕೋಲಾ ಸಿಗದ ಮೆಸ್ಸು

"ನಾಲ್ಕನೇ ಕ್ಲಾಸು ಕಲಿತವಳು ಮೆಸ್ ನಡೆಸುವುದುಂಟಾ? ಅದೂ ಕೋಲಾ ಇಲ್ಲದೆ? ಮೂರು ತಿಂಗಳಲ್ಲಿ ಪಾತ್ರೆ ಮಾರಿ ಊರಿಗೆ ಟಿಕೆಟ್ ತೆಗೆಯುತ್ತಿ, ನೋಡು." ಹೀಗೆಂದವರು ನನ್ನ ಗಂಡನ ಅಣ್ಣ, ನಾನೇ ಬಡಿಸಿದ ಮೀನುಸಾರು ಉಣ್ಣುತ್ತಾ.

ನನ್ನ ಗಂಡ ಈ ಅರಬರ ನಾಡಿನಲ್ಲಿ ದಮಾಮ್‌ನಿಂದ ತಬೂಕಿಗೆ ಟ್ರೈಲರ್ ಓಡಿಸುತ್ತಿದ್ದರು. ನಿದ್ದೆ ಬಾರದಿರಲಿ ಎಂದು ದಿನಕ್ಕೆ ಏಳೆಂಟು ಡಬ್ಬಿ ಕೋಲಾ ಕುಡಿಯುತ್ತಿದ್ದರು. ನಿದ್ದೆ ಬರಲಿಲ್ಲ, ಸಕ್ಕರೆ ಕಾಯಿಲೆ ಬಂತು. ಕಾಲಿನ ಗಾಯ ಮಾಯದೆ ಎರಡು ಬೆರಳು ಹೋದವು, ಅವುಗಳ ಹಿಂದೆ ಕೆಲಸವೂ ಹೋಯಿತು. ಕಫೀಲ್, ಅಂದರೆ ನಮ್ಮ ವೀಸಾದ ಅರಬಿ ಯಜಮಾನ, ಒಳ್ಳೆಯ ಮನುಷ್ಯ, ತನ್ನ ಹೆಸರಿನಲ್ಲಿ ಲೈಸೆನ್ಸ್ ಮಾಡಿಸಿದ. ಹಾಗೆ ಅಬ್ಕೈಕಿನಲ್ಲಿ, ಎಣ್ಣೆ ಸ್ಥಾವರದ ಕೆಲಸಗಾರರಿಗೆ ಊಟ ಹಾಕುವ ಈ ಮೆಸ್ಸು ಶುರುವಾಯಿತು. ಇದು ಮುಚ್ಚಿದರೆ ನಮಗೆ ಬೇರೆ ಗತಿ ಇರಲಿಲ್ಲ. ಆದರೂ ಮೊದಲ ದಿನವೇ ಗೋಡೆಗೆ ಕಾಗದ ಅಂಟಿಸಿದೆ: "ಇಲ್ಲಿ ಕೋಲಾ ಇಲ್ಲ, ತರಲೂಬಾರದು. ಮಜ್ಜಿಗೆ ಬೇಕಾದಷ್ಟು ಉಂಟು."

ಕೋಲಾ ಇಲ್ಲದೆ ಅನ್ನ ಗಂಟಲಲ್ಲಿ ಇಳಿಯುವುದಿಲ್ಲ ಎನ್ನುವ ಜನರ ನಡುವೆ ಅಂಥ ಕಾಗದ ಅಂಟಿಸಿದವಳಿಗೆ ದಿನಕ್ಕೊಂದು ತಮಾಷೆ ತಪ್ಪುತ್ತದೆಯೇ?

ಎಂಟು ಚಮಚ

ಒಬ್ಬ ಕ್ರೇನ್ ಆಪರೇಟರ್ ಇದ್ದಾನೆ, ಉಡುಪಿ ಕಡೆಯವನು. ಅವನ ವಾದ ಒಂದೇ: "ಅದು ಬರೀ ನೀರು ಮತ್ತು ಗ್ಯಾಸು ಅಕ್ಕ, ಅದರಲ್ಲಿ ಎಂತ ಉಂಟು?"

ನಾನು ಕನ್ನಡ ಓದಲು ಕಲಿತದ್ದು ಒಣಮೀನು ಕಟ್ಟಿದ ಪೇಪರಿನಿಂದ, ಅರಬಿ ಕಲಿತದ್ದು ಅಕ್ಕಿ ಚೀಲದಿಂದ. ಯಾರೂ ಕಲಿಸಿದವರಿಲ್ಲ. ಹಾಗಾಗಿ ಡಬ್ಬಿಯ ಮೇಲೆ ಚಿಕ್ಕ ಅಕ್ಷರದಲ್ಲಿ ಬರೆದದ್ದನ್ನು ಓದಿದೆ. ಅಷ್ಟು ಗ್ರಾಂ ಸಕ್ಕರೆಯನ್ನು ತಕ್ಕಡಿಯಲ್ಲಿ ತೂಗಿ ನೋಡಿದರೆ ಎಂಟು ಚಮಚ! ಅಷ್ಟನ್ನೂ ಒಂದು ಲೋಟ ಚಹಾಕ್ಕೆ ಹಾಕಿ ಅವನ ಮುಂದಿಟ್ಟೆ.

ಒಂದು ಗುಟುಕಿಗೇ ಮುಖ ಕಿವುಚಿದ. "ಇದು ಚಹಾವಾ, ಬೆಲ್ಲದ ಪಾಕವಾ?"

"ನಿನ್ನ ನೀರು ಮತ್ತು ಗ್ಯಾಸು ಮಾರಾಯ. ಒಂದು ಡಬ್ಬಿಯದ್ದು."

ಅವನು ಲೋಟವನ್ನು ಮೆಲ್ಲಗೆ ಆಚೆ ಸರಿಸಿದ. ಬುದ್ಧಿ ಬಂತು ಎಂದುಕೊಂಡೆ. ಆಮೇಲೆ ಹೇಳಿದ: "ತಪ್ಪು ನಿಮ್ಮದೇ ಅಕ್ಕ. ಇದನ್ನೇ ಸ್ವಲ್ಪ ಐಸಿನಲ್ಲಿಟ್ಟು ಕೊಟ್ಟಿದ್ದರೆ ಕುಡಿಯಬಹುದಿತ್ತು."

ದಾಸ್ತಾನಿನ ಶಾಸ್ತ್ರ

ಮೈಸೂರಿನ ಸ್ಟೋರ್‌ಕೀಪರ್ ಒಬ್ಬರು ತುಂಬಾ ಓದಿದವರು. ಅವರು ಕದ್ದು ಕುಡಿಯುತ್ತಿರಲಿಲ್ಲ, ಶಾಸ್ತ್ರೋಕ್ತವಾಗಿ ಕುಡಿಯುತ್ತಿದ್ದರು. ರೂಮಿನಲ್ಲಿ ಒಂದು ಸಾದಾ ಕೋಲಾ, ಅದು ಮುಗಿದ ಕೂಡಲೇ ಸಕ್ಕರೆ ಇಲ್ಲದ ಇನ್ನೊಂದು ಡಬ್ಬಿ.

"ಎರಡೆರಡು ಯಾಕೆ ಸ್ವಾಮಿ?" ಎಂದೆ.

"ಮೊದಲನೆಯದು ಸಕ್ಕರೆ ಒಳಗೆ ತರುತ್ತೆ, ಎರಡನೆಯದು ತೊಳೆದು ಹೊರಗೆ ಕಳಿಸುತ್ತೆ. ಬಂದಷ್ಟೇ ಹೋದರೆ ದಾಸ್ತಾನು ಹೇಗಮ್ಮಾ ಏರುತ್ತೆ?"

ಕಂಪನಿಯ ವಾರ್ಷಿಕ ತಪಾಸಣೆಯ ದಿನ ಸಪ್ಪೆ ಮುಖ ಹೊತ್ತು ಬಂದರು. ತಾವಾಗಿಯೇ ಮಜ್ಜಿಗೆ ಕೇಳಿದರು.

"ಡಾಕ್ಟರ್ ಏನೆಂದರು?"

"ಗೋದಾಮು ತುಂಬಿ ತುಳುಕುತ್ತಿದೆ, ಇನ್ನು ಗೇಟಿನೊಳಗೆ ಒಂದು ಲಾರಿ ಬಂದರೂ ನಿಮ್ಮ ಕೆಲಸ ಹೋಗುತ್ತೆ ಅಂದರು."

ಪುಕ್ಕಟೆ ಫ್ರಿಜ್ಜು

ಇದಕ್ಕೆ ನಗು ಬರುವುದು ಈಗ, ಆಗ ಅಳು ಬರುತ್ತಿತ್ತು. ಎರಡನೇ ತಿಂಗಳಲ್ಲಿ ನಲವತ್ತು ಗಿರಾಕಿಗಳು ಹದಿನೆಂಟಕ್ಕೆ ಇಳಿದಿದ್ದರು. ಉಳಿದವರು ಕೋಲಾ ಸಿಗುವ ಎದುರಿನ ಹೋಟೆಲಿಗೆ ಹೋದರು. ಅದೇ ವಾರ ಮೆಸ್ಸಿನ ಹಳೇ ಫ್ರಿಜ್ಜು ಕೆಟ್ಟಿತು, ಜೂನ್ ತಿಂಗಳ ಸೆಕೆಯಲ್ಲಿ!

ಕೋಲಾ ಹಂಚುವ ವ್ಯಾನಿನ ಹೈದರಾಬಾದಿನವನಿಗೆ ಹೇಗೋ ವಾಸನೆ ಸಿಕ್ಕಿತು. "ಬಾಜಿ," ಎಂದ, ಅವರ ಮಾತಿನಲ್ಲಿ ಅಕ್ಕ ಎಂದು. "ಗಾಜಿನ ಬಾಗಿಲಿನ ದೊಡ್ಡ ಫ್ರಿಜ್ಜು, ಪುಕ್ಕಟೆ. ಒಳಗೆ ನಮ್ಮ ಮಾಲು ಮಾತ್ರ ಇಡಬೇಕು."

ಗಂಡ ಕಣ್ಣಲ್ಲೇ ನನಗೆ ಕೈಮುಗಿದರು. ನಾನು, "ಮಜ್ಜಿಗೆ ಇಡಬಹುದಾ?" ಎಂದೆ. ಆಗುವುದಿಲ್ಲವಂತೆ. "ಹಾಗಾದರೆ ಯಲ್ಲಾ, ಹೊರಡು, ನಿನ್ನ ಕಪಾಟು ನಿನಗೇ ಇರಲಿ" ಎಂದೆ. ಬಿಸಿಲಲ್ಲಿ ಬಂದವನನ್ನು ಬರಿಗೈಯಲ್ಲಿ ಕಳಿಸಬಾರದೆಂದು ಶುಂಠಿ, ಹಸಿಮೆಣಸು ಹಾಕಿದ ಮಜ್ಜಿಗೆ ಒಂದು ಲೋಟ ಕೊಟ್ಟೆ. ಅವನು ಎರಡು ಕುಡಿದ.

ಈಗ ದಿನಾ ಎದುರಿನ ಹೋಟೆಲಿಗೆ ಮಾಲು ಇಳಿಸಿ, ವ್ಯಾನನ್ನು ಹಿಂದಿನ ಗಲ್ಲಿಯಲ್ಲಿ ನಿಲ್ಲಿಸಿ, ಟೋಪಿ ಕೆಳಗೆ ಎಳೆದುಕೊಂಡು ಒಳಗೆ ಬರುತ್ತಾನೆ. "ನಮ್ಮ ಸೂಪರ್‌ವೈಸರ್ ಕೇಳಿದರೆ ನಾನು ಬಂದೇ ಇಲ್ಲ ಬಾಜಿ. ಏನು ಮಾಡಲಿ, ಕೋಲಾ ಕುಡಿದರೆ ನನಗೆ ಹೊಟ್ಟೆ ಉರಿ."

ನನ್ನ ಹಲ್ಲು

ಉಳಿದ ಹದಿನೆಂಟು ಜನರಲ್ಲೂ ಕೆಲವರು ಚೀಲದಲ್ಲಿ ಡಬ್ಬಿ ಅಡಗಿಸಿ ತರುತ್ತಿದ್ದರು. ನಾನು ಬಾಗಿಲಲ್ಲೇ ಬುಟ್ಟಿ ಇಟ್ಟೆ. ಒಳಗೆ ಬರುವಾಗ ಡಬ್ಬಿ ಬುಟ್ಟಿಗೆ, ಹೋಗುವಾಗ ವಾಪಸ್. ಅಷ್ಟರಲ್ಲಿ ಅದು ಕಾದು ಕಷಾಯವಾಗಿರುತ್ತಿತ್ತು, ಯಾರೂ ಒಯ್ಯುತ್ತಿರಲಿಲ್ಲ.

ನನಗೋ, ದುಡ್ಡು ಕೊಟ್ಟು ತಂದ ವಸ್ತುವನ್ನು ಮೋರಿಗೆ ಚೆಲ್ಲಿ ಗೊತ್ತಿಲ್ಲ. ಮನೆಗೆ ಒಯ್ದು ಅಲ್ಲಿನ ಚಿಕ್ಕ ಫ್ರಿಜ್ಜಿನಲ್ಲಿ ತಣ್ಣಗೆ ಮಾಡುತ್ತಿದ್ದೆ. ದಿನವಿಡೀ ಜನರಿಗೆ "ಕುಡಿಯಬೇಡಿ, ಕುಡಿಯಬೇಡಿ" ಎಂದು ಕೂಗಿ ಒಣಗಿದ ಗಂಟಲು. ಒಂದು ಡಬ್ಬಿ, ಕೆಲವು ದಿನ ಮೂರು. ಹೀಗೆ ಒಂದೂವರೆ ವರ್ಷ.

ಒಂದು ದಿನ ದವಡೆ ಊದಿತು. ದಂತ ವೈದ್ಯೆ ಮಂಗಳೂರಿನಲ್ಲಿ ಓದಿದ ಮಲಯಾಳಿ ಹುಡುಗಿ, ಕನ್ನಡ ಚೆನ್ನಾಗಿ ಬರುತ್ತಿತ್ತು. ಬಾಯೊಳಗೆ ಲೈಟು ಹಾಕಿ ಕೇಳಿದಳು: "ದಿನಕ್ಕೆ ಎಷ್ಟು ಕೋಲಾ ಕುಡೀತೀರಿ?"

ನಾನು ತಲೆ ಎತ್ತಿ ಹೇಳಿದೆ: "ನೋಡಮ್ಮ, ಈ ಊರಿನಲ್ಲಿ ಕೋಲಾ ಇಲ್ಲದ ಮೆಸ್ಸೆಂದರೆ ನನ್ನದೊಂದೇ."

"ಮೆಸ್ಸಿನ ಬಾಯಿ ನೋಡ್ತಾ ಇಲ್ಲ ಆಂಟಿ, ನಿಮ್ಮದು ನೋಡ್ತಾ ಇದ್ದೇನೆ. ಎಷ್ಟು?"

"...ಮೂರು" ಎಂದೆ, ಮೆಲ್ಲಗೆ.

ಪರದೆಯ ಆಚೆಯ ಕುರ್ಚಿಯಲ್ಲಿ ಯಾರೋ ಬಾಯಲ್ಲಿ ಹತ್ತಿ ತುಂಬಿಕೊಂಡೇ ಗೊಳ್ಳೆಂದು ನಕ್ಕರು. ಆ ನಗು ನನಗೆ ಗೊತ್ತು. ಕ್ರೇನ್ ಆಪರೇಟರ್!

ಮರುದಿನ ಮಧ್ಯಾಹ್ನ ಮೆಸ್ಸಿನ ಬಾಗಿಲಲ್ಲಿ ಹದಿನೆಂಟು ಜನರೂ ಸಾಲಾಗಿ ನಿಂತಿದ್ದರು. ಅವನು ಊದಿದ ಕೆನ್ನೆ ಹೊತ್ತು ಬುಟ್ಟಿಯನ್ನು ನನ್ನ ಮುಂದೆ ಹಿಡಿದ. "ಅಕ್ಕ, ಚೀಲ ತೆರೆಯಿರಿ."

ತೆರೆದೆ. ಡಬ್ಬಿ ಒಂದು ಇತ್ತು.

ಆ ದಿನದಿಂದ ಯಾರೂ ಡಬ್ಬಿ ತಂದಿಲ್ಲ. ನನ್ನ ಚೀಲ ಕಾಯುವುದರಲ್ಲೇ ಅವರಿಗೆ ಪುರುಸೊತ್ತಿಲ್ಲ. ಸಿಕ್ಕಿಬಿದ್ದ ಅಕ್ಕನನ್ನು ನೋಡಲು ಬಂದವರು ಉಂಡೂ ಹೋದರು, ಮತ್ತೆ ಬಂದರು. ಲೈಸೆನ್ಸು ಕಫೀಲನ ಹೆಸರಿನಲ್ಲಿದ್ದರೂ ಐವತ್ತೆರಡು ಕುರ್ಚಿ, ಮೂರು ಒಲೆ, ಆನೆ ಮುಳುಗುವಂಥ ಎರಡು ಹಂಡೆ, ಎಲ್ಲ ನನ್ನದೇ. ಅದಕ್ಕೆ ತೆತ್ತದ್ದು ಮೂರು ದವಡೆ ಹಲ್ಲು.